ಬತಾಶಾನ ಪಾಲು

ಶಹಜಹಾನಬೇಗಂ ಮಾಡಿದ ಮಾಲಿದಾವನ್ನು ಬೇಡ ಅನ್ನುವ ಎದೆ ಕೇಶ್ವಾಪುರದಲ್ಲಿ ಒಬ್ಬಳಿಗೇ ಇತ್ತು. ಅವಳ ಸೊಸೆ ನಾಹಿದಾಗೆ. ಅವಳಾದರೂ ತನಗೆ ಬೇಡ ಅಂದದ್ದಲ್ಲ, ತನ್ನ ಮೊಲಗಳಿಗೆ ಬೇಡ ಅಂದದ್ದು.

ಅದು ರಮಜಾನ್ ಹಬ್ಬದ ಮರುದಿನ. ಬಿಸಿ ಚಪಾತಿ ಮುರಿದು, ಬೆಲ್ಲ ತುಪ್ಪ ಸುರಿದು, ಅಂಗೈಯಲ್ಲಿ ತಿಕ್ಕಿ ತಿಕ್ಕಿ ಪುಡಿ ಮಾಡಿದ ಮಾಲಿದಾದ ಒಂದು ಉಂಡೆಯನ್ನು ಬೇಗಂ ಪಂಜರದ ಕಡೆ ಚಾಚಿದಳು. ನಾಹಿದಾ ಕೈ ಅಡ್ಡ ಹಿಡಿದಳು.

"ಬ್ಯಾಡ್ರಿ ಅತ್ತಿ, ಅವಕ್ಕ ಆಗಂಗಿಲ್ಲ."

"ಯಾಕ? ನನ್ನ ಕೈಯಾಗ ವಿಷ ಐತೇನು?"

"ಹಂಗಲ್ರಿ. ಅವು ಹುಲ್ಲು ತಿನ್ನೋ ಜೀವ. ಸಿಹಿ ಕೊಟ್ರ ಹೊಟ್ಟಿ ಕೆಡತೈತಿ."

"ಮನ್ಯಾಗ ತುಪ್ಪ ಇಟಗೊಂಡು ಬಾಗಲಕ್ಕ ಬಂದ ಜೀವಕ್ಕ ಹುಲ್ಲು ಹಾಕೋದು ನಿಮ್ಮ ತವರಮನ್ಯಾಗ ಕಲತಿ ಏನು?"

ಬೇಗಂ ಹೆಬ್ಬಳ್ಳಿಯವಳು. ಊರ ಶಾಲೆಯಲ್ಲಿ ಐದನೆಯ ಇಯತ್ತೆ ಮುಗಿಸಿದವಳು. ಅವಳ ಸಿಟ್ಟಿಗೆ ಶಾಲೆ ಬೇಕಾಗಿರಲಿಲ್ಲ, ಅದು ಹುಟ್ಟುತ್ತಲೇ ಬಂದದ್ದು. ಸೊಸೆಯ ಜೊತೆ ಮಾತು ಬಿಟ್ಟಳು. ಬಕ್ರೀದ್ ಬಂದಾಗ ಮಾತೇನೋ ಮತ್ತೆ ಶುರುವಾಯಿತು, ಆದರೆ ಆ ಉಂಡೆ ಅವಳ ಗಂಟಲಲ್ಲೇ ಉಳಿಯಿತು.

ಮಳೆ ಹಿಡಿದ ಮೇಲೆ ನಾಹಿದಾಗೆ ಜ್ವರ ಬಂತು. ನೆಗಡಿ ಜ್ವರ ಅಂದುಕೊಂಡರು. ಅದು ನೆಗಡಿ ಜ್ವರವಾಗಿರಲಿಲ್ಲ. ಆಸ್ಪತ್ರೆಗೆ ತನ್ನ ಕಾಲ ಮೇಲೆ ನಡೆದು ಹೋದವಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದರು. ಅವಳ ಮಗಳು ಅಲ್ಫಿಯಾಗೆ ಎಂಟು ವರ್ಷ. ಮಣ್ಣು ಮಾಡಿ ಗಂಡಸರು ತಿರುಗಿ ಬಂದಾಗ ಆ ಹುಡುಗಿ ಮೊಲದ ಪಂಜರದ ಮುಂದೆ ಕೂತಿತ್ತು. ಅಳಲಿಲ್ಲ, ಉಣ್ಣಲಿಲ್ಲ, ಯಾರಿಗೂ ಓಗೊಡಲಿಲ್ಲ.

ಬೇಗಂಗೆ ಸಮಾಧಾನ ಹೇಳಿ ಅಭ್ಯಾಸವಿಲ್ಲ. ತನಗೆ ಗೊತ್ತಿದ್ದದ್ದನ್ನು ಹೇಳಿದಳು.

"ಕೇಳಿಲ್ಲೆ. ನಿಮ್ಮಮ್ಮಿ ಎಲ್ಲೂ ಹೋಗಿಲ್ಲ. ನಲವತ್ತು ದಿನ ಮನಿ ಸುತ್ತ ಇರ್ತಾಳ. ಗುರುವಾರ ಸಂಜಿಕ್ಕ ಹೊಸ್ತಿಲಿಗೆ ಬಂದು ನಿಂದರತಾಳ, ನನ್ನ ಪಾಲು ಇಟ್ಟಾರೋ ಇಲ್ಲೋ ಅಂತ. ನಾವು ಇಡೋಣು. ಆಕಿ ಬರ್ತಾಳ."

ಹುಡುಗಿ ಮೊದಲ ಸಲ ಅಜ್ಜಿಯ ಕಡೆ ತಲೆ ಎತ್ತಿತು. "ಖರೇ, ದಾದಿ?"

"ನಾ ಸುಳ್ಳು ಹೇಳಿದ್ದು ಎಂದರ ಕೇಳಿಯೇನು?"

ಗುರುವಾರ ಬೇಗಂ ಮಾಲಿದಾ ಮಾಡಿದಳು. ಕೆಂಡದ ಮೇಲೆ ಲೋಬಾನ ಹಾಕಿ, ತಾಟಿನ ಮುಂದೆ ಕೂತು ಫಾತಿಹಾ ಓದಿದಳು. ಓದಿದ ಊಟ ಬಾಗಿಲಿಗೆ ಬಂದವರಿಗೆ ಹೋಗಬೇಕು. ಸತ್ತವರು ಬದುಕಿದ್ದಾಗ ತಮ್ಮ ಕೈಯಾರೆ ಯಾರಿಗೆ ಉಣ್ಣಿಸುತ್ತಿದ್ದರೋ ಅವರಿಗಂತೂ ಹೋಗಲೇಬೇಕು. ನಾಹಿದಾ ಕೈಯಾರೆ ಉಣ್ಣಿಸುತ್ತಿದ್ದದ್ದು ಎರಡು ಮೊಲಗಳಿಗೆ. ಕಣ್ಣ ಸುತ್ತ ಕಾಡಿಗೆ ತೀಡಿದಂತೆ ಕಪ್ಪು ಇದ್ದದ್ದು ಸುರ್ಮಾ, ಪೂರಾ ಬಿಳಿಯದು ಬತಾಶಾ. ಬೇಗಂ ಎರಡು ಉಂಡೆ ಕಟ್ಟಿ ಪಂಜರದೊಳಗೆ ಕೈ ಹಾಕಿದಳು. ಈ ಸಲ ಕೈ ಅಡ್ಡ ಬರಲಿಲ್ಲ. ಮೊಲಗಳು ಬೆರಳ ಸಂದಿಯ ತುಪ್ಪವನ್ನೂ ಬಿಡದೆ ನೆಕ್ಕಿದವು.

"ನೋಡಿದ್ಯಾ?" ಎಂದು ಬೇಗಂ ಖಾಲಿ ಹೊಸ್ತಿಲಿಗೆ ಹೇಳಿದಳು. ಅದರಲ್ಲಿ ಗೆದ್ದ ಖುಷಿಯೂ ಇತ್ತು, ತಪ್ಪಾಯ್ತು ಅನ್ನುವುದೂ ಇತ್ತು. ಎರಡನ್ನೂ ಒಟ್ಟಿಗೆ ಹೇಳಲು ಅವಳಿಗೆ ಬೇರೆ ಮಾತು ಬರುತ್ತಿರಲಿಲ್ಲ.

ಅಂದು ಉಣ್ಣಲು ಕೂತಾಗ ಸಪ್ಪಳ ಬಂತು.

ಕಟ್. ಕಟ್ ಕಟ್.

ಬೇಗಂನ ಮಗ ತನ್ವೀರನ ಕೈಯ ತುತ್ತು ಅಲ್ಲೇ ನಿಂತಿತು. ಹುಲ್ಲು ಹಾಕುವ ಮುಂಚೆ ನಾಹಿದಾ ಗಾಜಿನ ಬಳೆಯನ್ನು ಪಂಜರದ ಜಾಲರಿಗೆ ಮೆಲ್ಲಗೆ ಬಡಿಯುತ್ತಿದ್ದಳು. ಆ ಸಪ್ಪಳಕ್ಕೆ ಮೊಲಗಳು ಎದ್ದು ನಿಲ್ಲುತ್ತಿದ್ದವು. ಮನೆಯವರು ದಿನಾ ಕೇಳಿ ಕೇಳಿ ಮರೆತೇ ಬಿಟ್ಟಿದ್ದ ಸಪ್ಪಳ ಅದು.

ಕಟ್ ಕಟ್.

"ಅಮ್ಮಿ ಬಂದ್ಲು," ಎಂದಿತು ಅಲ್ಫಿಯಾ. ಮೆತ್ತಗೆ, ಎಲ್ಲಿ ಹೆದರಿ ಹೋಗಿಬಿಡುತ್ತಾಳೋ ಎಂಬಂತೆ.

ತನ್ವೀರ ಎದ್ದು ನಡುಮನೆಯ ದೀಪ ಹಾಕಿದ. ಯಾರೂ ಇಲ್ಲ. ಹೊಸ್ತಿಲ ಪಕ್ಕ ಆಕೆಗೆಂದು ಇಟ್ಟ ನೀರಿನ ಗ್ಲಾಸು ಹಾಗೇ ಇತ್ತು. ಎರಡೂ ಮೊಲಗಳು ಬೆನ್ನು ಗೂನು ಮಾಡಿಕೊಂಡು, ಕಿವಿ ಹಿಂದಕ್ಕೆ ಒತ್ತಿ, ಬಾಗಿಲ ಕಡೆ ನೋಡುತ್ತ ಕೂತಿದ್ದವು. ಅವನು ಅವ್ವನ ಮುಖ ನೋಡಿದ. ಬೇಗಂ ತುಟಿಯಲ್ಲೇ ಕಲ್ಮಾ ಹೇಳಿಕೊಳ್ಳುತ್ತಿದ್ದಳು. ಹುಡುಗಿ ಅಂದು ತಾಟಿನಲ್ಲಿದ್ದದ್ದನ್ನೆಲ್ಲ ಉಂಡಿತು. ನಗುತ್ತಲೇ ನಿದ್ದೆ ಹೋಯಿತು.

ಮುಂದಿನ ಗುರುವಾರವೂ ಬಂತು ಆ ಸಪ್ಪಳ. ಅದರ ಮುಂದಿನ ಗುರುವಾರವೂ. ತಾರಿಹಾಳದ ಲೇತ್ ಕಾರ್ಖಾನೆಯಲ್ಲಿ ತನ್ವೀರ ಗುರುವಾರದ ಓವರ್‌ಟೈಮ್ ಬಿಟ್ಟ, ಯಾಕೆಂದು ಯಾರಿಗೂ ಹೇಳಲಿಲ್ಲ. ಮಾಲಿದಾ ಮಾಡಿ, ಲೋಬಾನ ಹಾಕಿ, ಮೊಲದ ಪಾಲು ಕೊಟ್ಟು, ದೀಪ ಸಣ್ಣ ಮಾಡಿ ಮೂವರೂ ಕಾಯುತ್ತ ಕೂರುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಸಪ್ಪಳ ಶುರುವಾದ ಮೇಲೆ ಉಸಿರು ಬಿಡುತ್ತಿದ್ದರು.

ಮೂರನೆಯ ಶುಕ್ರವಾರ ಬೆಳಗ್ಗೆ ಸುರ್ಮಾ ಕಟ್ಟಿಗೆಯಂತೆ ಬಿದ್ದಿತ್ತು.

ಪಕ್ಕದ ಮನೆಯ ಕಸ್ತೂರೆವ್ವ ಬಂದು ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದಳು. "ಹೋದೋರು ತಮ್ಮ ಪ್ರೀತಿದ್ದನ್ನ ಕರಕೊಂತಾರ ಬೇಗಮ್ಮ. ಆಕಿ ಕರಿಯಾಕತ್ತಾಳ. ಇನ್ನೊಂದನ್ನೂ ಬಿಡಂಗಿಲ್ಲ ನೋಡ್ರಿ."

"ನಿನ್ನ ಬಾಯಾಗ ಬೆಂಕಿ ಹಾಕ. ಮನೀಗೆ ನಡಿ ಮೊದಲ!"

ಓಡಿಸಿದಳೇನೋ ಹೌದು, ಆದರೆ ಮಾತು ಮನೆಯಲ್ಲೇ ಉಳಿಯಿತು. ಬೇಗಂಗೆ ತಾನು ಇಟ್ಟ ಪಾಲೇ ಕಡಿಮೆ ಬಿದ್ದಿತೆಂಬ ಶಂಕೆ. ಮುಂದಿನ ಗುರುವಾರ ತುಪ್ಪ ಇನ್ನಷ್ಟು ಸುರಿದಳು, ಬಾಳೆಹಣ್ಣು ಹಿಸುಕಿ ಸೇರಿಸಿದಳು, ಮೇಲೆ ಸಕ್ಕರೆ ಉದುರಿಸಿದಳು. ದೊಡ್ಡ ಉಂಡೆ ಕಟ್ಟಿ ಬತಾಶಾನ ಬಾಯಿಗೆ ಹಿಡಿದು ಹೊಸ್ತಿಲಿಗೆ ಹೇಳಿದಳು: "ಒಂದನ್ನ ಒಯ್ದಿ, ಆತು. ಇದನ್ನ ಬಿಡು. ನಿನ್ನ ಮಗಳು ಇದರ ಮ್ಯಾಲೆ ಜೀವಾ ಇಟ್ಟಾಳ. ಬೇಕಾದ್ರ ನನ್ನ ಒಯ್ಯಿ."

ಅಂದು ಸಪ್ಪಳ ಎಂದಿಗಿಂತ ಜೋರಾಗಿತ್ತು. ಬೆಳಗಾದರೂ ನಿಲ್ಲಲಿಲ್ಲ.

ಬತಾಶಾ ಹುಲ್ಲು ಮೂಸಲಿಲ್ಲ. ಹಿಕ್ಕೆ ಹಾಕಿರಲಿಲ್ಲ. ಹೊಟ್ಟೆ ಉಬ್ಬಿ ಚರ್ಮ ಬಿಗಿದಿತ್ತು. ಶಾಲೆಗೆ ಹೋಗಲ್ಲ ಎಂದು ಹುಡುಗಿ ಪಂಜರ ಹಿಡಿದು ಕೂತಿತು. ತನ್ವೀರ ಕೆಲಸಕ್ಕೆ ಹೋಗಿದ್ದ. ಬೇಗಂ ಹುಡುಗಿಯನ್ನು ಗದರಿಸಿ ಶಾಲೆಗೆ ಕಳಿಸಿ, ಮೊಲವನ್ನು ಬುಟ್ಟಿಯಲ್ಲಿಟ್ಟು, ನಾಹಿದಾ ತಲೆಗೆ ಹೊದೆಯುತ್ತಿದ್ದ ಓಢನಿ ಮುಚ್ಚಿ, ದನ ನಾಯಿ ನೋಡುವ ಡಾಕ್ಟರ ಬಾಯಿಯ ದವಾಖಾನೆಗೆ ನಡೆದಳು. ಡಾಕ್ಟರ ಹೆಸರು ರಾಜೇಶ್ವರಿ. ಚಿಕ್ಕ ವಯಸ್ಸು, ಕೈ ಮಾತ್ರ ಪಳಗಿದ ಕೈ.

"ಏನು ಹಾಕ್ತೀರಿ ಅಜ್ಜಿ ಇದಕ್ಕ?"

"ಅಜ್ಜಿ ಯಾರಿಗೆ ಅಂತೀರಿ? ಐವತ್ತೆರಡು ನನಗ."

"ತಪ್ಪಾತ್ರಿ ಅಕ್ಕಾರ. ಏನು ತಿನ್ನಿಸೀರಿ?"

"ಹುಲ್ಲು."

ಡಾಕ್ಟರು ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿದರು. "ಹುಲ್ಲು ತಿಂದ ಹೊಟ್ಟಿ ಹಿಂಗ ಇರಂಗಿಲ್ರಿ. ಗಾಳಿ ತುಂಬೇತಿ. ಖರೇ ಹೇಳ್ರಿ, ಬೈಯಂಗಿಲ್ಲ."

ಬೇಗಂ ಬಾಯಿ ತೆರೆಯುವುದರೊಳಗೆ ಅದು ಕೇಳಿತು. ಹಗಲು ಹೊತ್ತಿನಲ್ಲಿ, ಬಿಳಿ ಟ್ಯೂಬ್‌ಲೈಟಿನ ಕೆಳಗೆ, ಔಷಧಿ ವಾಸನೆಯ ಆ ಕೋಣೆಯಲ್ಲಿ.

ಕಟ್. ಕಟ್ ಕಟ್.

ಬೇಗಂ ಗರ್ರನೆ ಬಾಗಿಲ ಕಡೆ ತಿರುಗಿದಳು.

"ಯಾರರ ಬರೋರದಾರೇನ್ರಿ?"

"ಆ ಸಪ್ಪಳ..." ಬೇಗಂನ ದನಿ ಅವಳದೇ ಅನಿಸಲಿಲ್ಲ. "ಆ ಸಪ್ಪಳ ನಿಮಗೂ ಕೇಳಿಸ್ತೇನು?"

"ಇದರ ಬಾಯಿಂದನ ಬರಾಕತ್ತೈತ್ರಿ ಅದು. ಕೈ ಕೊಡ್ರಿ ಇಲ್ಲೆ." ಡಾಕ್ಟರು ಅವಳ ಬೆರಳುಗಳನ್ನು ಹಿಡಿದು ಬತಾಶಾನ ದವಡೆಗೆ ಒತ್ತಿದರು. "ಹಲ್ಲು ಕಡಿಯಾಕತ್ತೈತಿ. ಮೊಲ ನೋವಾದ್ರ ಒದರಂಗಿಲ್ರಿ. ಹಿಂಗ ಡುಬ್ಬ ಬಾಗಿಸಿ ಕುಂತು ಹಲ್ಲು ಕಡೀತಾವ. ಇಷ್ಟು ಜೋರ ಕಡೀತಂದ್ರ ಭಾಳ ನೋವೈತಿ."

ಬೆಚ್ಚಗಿನ ತುಪ್ಪಳದ ಕೆಳಗೆ, ಬೇಗಂನ ಬೆರಳ ತುದಿಗೆ, ಸೊಸೆಯ ಬಳೆ ಬಡಿಯುತ್ತಿತ್ತು.

ಅವಳು ಮಾಲಿದಾ ಅಂದಳು. ತುಪ್ಪ ಅಂದಳು, ಬೆಲ್ಲ ಅಂದಳು, ಬಾಳೆಹಣ್ಣು ಅಂದಳು. ಯಾವತ್ತಿನಿಂದ ಎಂದು ಕೇಳಿದಾಗ, ಆಕೆ ಹೋದಾಗಿನಿಂದ ಅಂದಳು. ಡಾಕ್ಟರು ಮಾತು ಕೊಟ್ಟಂತೆ ಬೈಯಲಿಲ್ಲ. ಸೂಜಿ ಚುಚ್ಚಿದರು, ಹೊಟ್ಟೆ ತಿಕ್ಕುವುದು ಹೇಗೆಂದು ತೋರಿಸಿದರು, ಬಾಯಿಯ ಪಕ್ಕದಿಂದ ಪಿಚಕಾರಿಯಲ್ಲಿ ಕೊಡಲು ಪುಡಿ ಕಟ್ಟಿಕೊಟ್ಟರು.

"ಮೊಲಕ್ಕ ವಾಂತಿ ಅನ್ನೋದ ಇಲ್ರಿ ಅಕ್ಕಾರ. ಒಳಗ ಹೋದದ್ದು ಹಿಂದಕ್ಕ ಬರಂಗಿಲ್ಲ. ಒಣಹುಲ್ಲು ಯಾವಾಗ್ಲೂ ಮುಂದ ಇರಲಿ, ಅದ ಅದರ ಊಟ. ಕರಕಿ ಹುಲ್ಲು ಕೊಡ್ರಿ. ಹಕ್ಕರಕಿ, ಕೊತ್ತಂಬರಿ, ಮೂಲಂಗಿ ತಪ್ಪಲ ತೊಳದು ಒಂದೊಂದು ಹಿಡಿ. ಗಜ್ಜರಿ ಕೊಟ್ರೂ ಬೆರಳಿನ ತುದಿಯಷ್ಟ. ಉಳ್ಳಾಗಡ್ಡಿ, ಆಲೂಗಡ್ಡಿ ಸಿಪ್ಪಿ, ಅನ್ನ, ರೊಟ್ಟಿ, ಸಿಹಿ, ಇವು ಬ್ಯಾಡ ಅಂದ್ರ ಬ್ಯಾಡ. ಔಷಧ ಹೊಡದ ಹುಲ್ಲಂತೂ ಮುಟ್ಟಬ್ಯಾಡ್ರಿ."

"ಫಾತಿಹಾ ಓದಿದ್ದು ಇತ್ತು ಅದು," ಎಂದಳು ಬೇಗಂ. ಜಗಳಕ್ಕಲ್ಲ. ಸುಮ್ಮನೆ.

"ಇರಬಹುದ್ರಿ. ಓದಿದ್ದು ನಿಮಗ ಆಗಿಬರ್ತೈತಿ. ಇದರ ಹೊಟ್ಟಿಗೆ ಬೆಲ್ಲ ಬೆಲ್ಲನ." ಡಾಕ್ಟರು ಬುಟ್ಟಿಗೆ ಓಢನಿ ಮುಚ್ಚಿದರು. "ಇನ್ನೊಂದು ಸಲ ತಿಂದ್ರ ಇದು ಉಳಿಯಂಗಿಲ್ಲ."

ಬೇಗಂ ರಿಕ್ಷಾ ಹತ್ತಲಿಲ್ಲ. ಬುಟ್ಟಿ ಎದೆಗವಚಿ ನಡೆದಳು. ಅಂದರೆ ಗುರುವಾರ ಗುರುವಾರ ಮನೆಗೆ ಬಂದದ್ದು ನಾಹಿದಾ ಅಲ್ಲ, ನೋವು. ಅದನ್ನು ಲೋಬಾನ ಹಾಕಿ ಕರೆದದ್ದು ತಾನು. ದೀಪ ಸಣ್ಣ ಮಾಡಿ, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಬಾಯಿಲ್ಲದ ಜೀವ ಹಲ್ಲು ಕಡಿಯುವುದನ್ನು ಕೇಳಿ ಕಣ್ಣು ತುಂಬಿಕೊಂಡದ್ದು ತಾನು.

"ಬಾಯಿ ಬಿಟ್ಟು ಗಟ್ಟಿ ಆಗಿ ಒಂದು ಮಾತು ಹೇಳಾಕ ಏನಾಗಿತ್ತು ನಿನಗ?" ಎಂದು ದಾರಿಯಲ್ಲೇ ಸೊಸೆಯನ್ನು ಬೈದಳು. ತರಕಾರಿ ಗಾಡಿಯವನು ತಿರುಗಿ ನೋಡಿದ. ನಾಲ್ಕು ಹೆಜ್ಜೆ ಹೋದ ಮೇಲೆ ಅವಳಿಗೇ ನೆನಪಾಯಿತು. ಹೇಳಿದ್ದಳು. ಕೈ ಅಡ್ಡ ಹಿಡಿದೇ ಹೇಳಿದ್ದಳು.

ಸಂಜೆ ತನ್ವೀರನೂ ಮನೆಯಲ್ಲಿದ್ದಾಗ ಬೇಗಂ ಸುತ್ತು ಬಳಸದೆ ಹೇಳಿದಳು.

"ಅಲ್ಫಿಯಾ, ಇನ್ನ ಬತಾಶಾಗ ಮಾಲಿದಾ ಇಲ್ಲ. ಆ ಸಪ್ಪಳ ನಿಮ್ಮಮ್ಮಿದಲ್ಲ. ಇದಕ್ಕ ಹೊಟ್ಟಿ ನೋವು ಬಂದು ಹಲ್ಲು ಕಡಿಯೋದು."

"ಸುಳ್ಳು."

"ಖರೇ. ದವಡಿ ಮುಟ್ಟಿ ನೋಡೇನಿ."

"ನೀನ ಹೇಳಿದ್ದಿ ಅಮ್ಮಿ ಬರ್ತಾಳಂತ!"

"ಬರ್ತಾಳ."

"ಮತ್ತ ಸಪ್ಪಳ ಇಲ್ಲದ ಹೆಂಗ ಗೊತ್ತಾಗಬೇಕು?"

ಬೇಗಂ ಎದ್ದು ಪಿಚಕಾರಿಗೆ ಪುಡಿ ಕಲಸತೊಡಗಿದಳು. ಹುಡುಗಿ ಗೋಡೆಯ ಕಡೆ ತಿರುಗಿ ಮಲಗಿತು. ತನ್ವೀರ ತನ್ನ ಅಂಗೈಯ ಎಣ್ಣೆಕಲೆ ತಿಕ್ಕುತ್ತ, "ಅಮ್ಮಾ, ನಾನೂ ಆಕಿನ ಅಂತ ತಿಳಕೊಂಡಿದ್ದೆ," ಎಂದ. "ಓವರ್‌ಟೈಮ್ ಬಿಟ್ಟು ಓಡಿ ಬರ್ತಿದ್ದೆ."

ಬೇಗಂ ಹೆಬ್ಬಳ್ಳಿಗೆ ಫೋನು ಮಾಡಿ ತಮ್ಮನ ಮನೆಯಿಂದ ಒಣಹುಲ್ಲಿನ ಹೊರೆ ತರಿಸಿದಳು. ಬೂಷ್ಟು ಹಿಡಿದದ್ದು ಇದೆಯೋ ಎಂದು ಎಳೆ ಎಳೆ ಬಿಡಿಸಿ ಮೂಸಿದಳು. ಪಿಚಕಾರಿ ಹಿಡಿದು ಮೊಲದ ಬಾಯಿಗೆ ತೊಟ್ಟು ತೊಟ್ಟು ಬಿಟ್ಟಳು. ಮೊದಲ ಹಿಕ್ಕೆ ಬಿದ್ದಾಗ ಅಂಗೈಯಲ್ಲಿ ಎತ್ತಿ ಹಿಡಿದು ಮುತ್ತಿನಂತೆ ನೋಡಿದಳು. ನಾಲ್ಕೈದು ದಿನದಲ್ಲಿ ಬತಾಶಾ ತಾನೇ ಹುಲ್ಲಿಗೆ ಬಾಯಿ ಹಾಕಿತು. ಆದರೆ ಅಲ್ಫಿಯಾ ಊಟ ಬಿಟ್ಟಿತ್ತು. ಮೊಲ ಚೇತರಿಸಿದಷ್ಟೂ ಹುಡುಗಿ ಬಾಡಿತು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಬೇಗಂ ಸಹ ಪಾತ್ರೆ ತೊಳೆಯುತ್ತಾ ಕೈ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಆ ಸಪ್ಪಳ ಬರಬಾರದು. ಬಂದರೆ ಸಾಕು. ಎರಡೂ ಅವಳ ಒಳಗೇ ಕೂತು ಜಗಳವಾಡುತ್ತಿದ್ದವು.

ಹಾಗೇ ಗುರುವಾರ ಬಂತು. ನಲವತ್ತನೆಯ ದಿನಕ್ಕೆ ಮುಂಚಿನ ಕಡೆಯ ಗುರುವಾರ. ಇನ್ನು ಮೇಲೆ ಆಕೆ ಹೀಗೆ ಮನೆ ಸುತ್ತ ಇರುವುದಿಲ್ಲ, ದೂರ ಹೋಗುತ್ತಾಳೆ. ಅದನ್ನೂ ಹುಡುಗಿಗೆ ಹೇಳಿಕೊಟ್ಟವಳು ಬೇಗಮ್ಮೇ.

ಮಧ್ಯಾಹ್ನ ಮಾಲಿದಾ ಮಾಡಿ ಫಾತಿಹಾ ಓದಿ ನೆರೆಯವರಿಗೆಲ್ಲ ಹಂಚಿದಳು. ಹುಡುಗಿಯ ಕಣ್ಣು ತಾಟಿನಲ್ಲಿ ಉಳಿದದ್ದರ ಮೇಲೇ ಇತ್ತು. ಹುಡುಗಿಯನ್ನು ಕಸ್ತೂರೆವ್ವನ ಮನೆಯಲ್ಲಿ ಕೂರಿಸಿ, ಬುರ್ಖಾ ಹಾಕಿಕೊಂಡು, ಖಬರಸ್ತಾನಕ್ಕೆ ನಡೆದಳು. ಅವರ ಮನೆಯ ಹೆಂಗಸರು ಗೇಟು ದಾಟುವ ರೂಢಿಯಿಲ್ಲ. ಗೇಟಿನ ಕಂಬಿ ಹಿಡಿದು ನಿಂತು ಕೂಗಿದಳು. ಗೋರಿ ತೋಡುವ ಮಕಬೂಲಸಾಬ ಕುಡುಗೋಲು ಹಿಡಿದು ಬಂದ.

"ನಮ್ಮ ಸೊಸಿ ಮ್ಯಾಲೆ ಹುಲ್ಲು ಬೆಳದೈತೇನ್ರಿ ಕಾಕಾ?"

"ಬೆಳದೈತವಾ. ಮಳಿ ಛಲೋ ಆಗೇತಲ್ಲ, ಕರಕಿ ಹಾಸಿಗಿ ಹಾಸಿದಂಗ ಐತಿ."

"ಒಂದು ಹಿಡಿ ಬೇಕಾಗಿತ್ತು."

ಮುದುಕ ಹುಬ್ಬು ಎತ್ತಿದ. "ಗೋರಿ ಮ್ಯಾಲಿನ ಹಸೀ ಹುಲ್ಲು ಕೀಳಬಾರದವಾ. ಅದು ಹಸಿ ಇರೋತನಕ ಒಳಗ ಮಲಗಿದವರಿಗೆ ತಂಪು."

"ನನಗ ಹೇಳ್ತೀರಿ? ಓಣಿಗೆಲ್ಲಾ ನಾನ ಹೇಳೇನಿ. ಮ್ಯಾಲಿಂದು ಯಾರು ಕೇಳಿದ್ರು? ಪಾದದ ಕಡೆ ದಾರಿಗೆ ಇಳಿದದ್ದು ಕೊಯ್ದು ನಿಮ್ಮ ಆಡಿಗೆ ಒಯ್ತೀರಲ್ಲ, ಅದ್ರಾಗಿಂದು ಕೊಡ್ರಿ."

"ಯವ್ವಾ, ನನ್ನ ಆಡಿನ ಹೊಟ್ಟಿ ಮ್ಯಾಲೂ ಕಣ್ಣು ಬಿತ್ತಾ ನಿನ್ನದು?"

"ಒಂದು ಹಿಡಿಗೆ ನಿಮ್ಮ ಆಡು ಸಾಯಂಗಿಲ್ಲ. ಅಲ್ಲೆ ಕಸಕ್ಕ ಔಷಧ ಗಿಷಧ ಹೊಡದೀರೇನು?"

ಮಕಬೂಲಸಾಬ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. "ಇಲ್ಲಿರೋರಿಗೆ ಯಾವ ಔಷಧ ಹತ್ತತೈತವಾ? ಏನೂ ಹೊಡದಿಲ್ಲ. ನಿಂದರು."

ಅವನು ತಂದ ಕರಕಿ ನೀಳವಾಗಿತ್ತು, ಬುಡದಲ್ಲಿ ಕೆಂಪು ಮಣ್ಣು ಹಿಡಿದಿತ್ತು. ಬೇಗಂ ಅದನ್ನು ಬುರ್ಖಾದೊಳಗೆ, ಕೂಸನ್ನು ಹಿಡಿದಂತೆ ಹಿಡಿದು ತಂದಳು.

ಮನೆ ಮುಟ್ಟಿದಾಗ ಮಗರಿಬ್‌ನ ಅಜಾನ್ ಆಗುತ್ತಿತ್ತು. ಹಾಕಿಟ್ಟು ಹೋದ ಬಾಗಿಲು ಅರ್ಧ ತೆರೆದಿತ್ತು. ದೀಪವಿರಲಿಲ್ಲ. ಒಳಗೆ, ಪಂಜರದ ಮುಂದೆ, ಓಢನಿ ತಲೆ ತುಂಬ ಹೊದ್ದು, ಬೆನ್ನು ಬಾಗಿಸಿ ನಾಹಿದಾ ಕೂತಿದ್ದಳು.

ಬೇಗಂ ಹೊಸ್ತಿಲಲ್ಲೇ ನಿಂತಳು. "ಬಂದ್ಯಾ?" ಅನ್ನುವ ಮಾತು ಬಾಯಿಯ ತನಕ ಬಂದಿತ್ತು. ಓಢನಿಯೊಳಗಿನ ಮುಖ ತಿರುಗಿತು. ಅಲ್ಫಿಯಾ. ಕೆನ್ನೆ ತೊಯ್ದಿತ್ತು. ಬಲಗೈ ಮುಷ್ಟಿ ಜಾಲರಿಯೊಳಗಿತ್ತು, ಮುಷ್ಟಿಯ ಸಂದಿಯಿಂದ ತುಪ್ಪ ಇಳಿಯುತ್ತಿತ್ತು. ಬತಾಶಾ ಎರಡು ಕಾಲ ಮೇಲೆ ನಿಂತು ಆ ಬೆರಳು ಮೂಸುತ್ತಿತ್ತು.

"ಸಣ್ಣ ಉಂಡಿ ದಾದಿ," ಎಂದಿತು ಹುಡುಗಿ. "ಇದೊಂದ ಸಲ. ಸಪ್ಪಳ ಒಂದ ಸಲ ಬಂದ್ರ ಸಾಕು."

ಬೇಗಂನ ಕೈ ಹೊಡೆಯಲು ಎದ್ದಿತು. ಎದ್ದ ಕೈಯನ್ನು ಅವಳೇ ನೋಡಿದಳು. ಅದೇ ಕೈ, ಉಂಡೆ ಕಟ್ಟಿದ್ದು. ಇಳಿಸಿದಳು. ಬಂದು ಹುಡುಗಿಯ ಪಕ್ಕ, ಹೊಸ್ತಿಲಿಗೆ ಬೆನ್ನು ಮಾಡಿ ಕೂತಳು.

"ಕೊಡೋದಾದ್ರ ಕೊಡು. ನಾ ಹಿಡಿಯಂಗಿಲ್ಲ. ಆದ್ರ ಸಪ್ಪಳ ಬಂದಾಗ ಎದ್ದು ಹೋಗಬಾರದು. ಅದರ ದವಡಿಗೆ ಕೈ ಹಚ್ಚಿ ಕುಂದರಬೇಕು. ಅದು ನಿಲ್ಲೋತನಕ. ಸುರ್ಮಾಂದು ಹೆಂಗ ನಿಂತಿತು ಗೊತ್ತೈತಲ್ಲ?"

ಹುಡುಗಿಯ ಮುಷ್ಟಿ ತೆರೆಯಲಿಲ್ಲ. ಮೆಲ್ಲಗೆ ಹೊರಗೆ ಬಂತು.

"ಇವತ್ತು ಕಡೀ ಗುರುವಾರ," ಎಂದು ಬಿಕ್ಕಿತು. "ಅಮ್ಮಿ ಬಂದು ನೋಡಿದ್ರ ಬತಾಶಾಗ ಏನೂ ಇಲ್ಲ."

ಬೇಗಂ ಬುರ್ಖಾದೊಳಗಿನಿಂದ ಕರಕಿ ತೆಗೆದಳು. ಕೆಂಪು ಮಣ್ಣಿನ, ಮಳೆಯ ವಾಸನೆ ಕೋಣೆ ತುಂಬಿತು. ನಾಹಿದಾ ಹುಲ್ಲು ಕೊಯ್ದು ಬಂದ ದಿನ ಅವಳ ಸೆರಗಿಗೆ ಇರುತ್ತಿದ್ದ ವಾಸನೆ.

"ಎಲ್ಲಿದು ದಾದಿ?"

"ನಿಮ್ಮಮ್ಮಿ ಪಾದದ ಕಡೆ ಬೆಳದದ್ದು. ಆಕಿ ಮಲಗಿದ ಮಣ್ಣಾಗ ಹುಟ್ಟಿದ್ದು. ಇದು ಆಕಿ ಪಾಲು. ಆ ಮಾಲಿದಾ ನೀ ತಿನ್ನು, ಅದು ಮನುಷ್ಯಾರದು."

ಹುಡುಗಿ ಹುಲ್ಲಿಗೆ ಮುಖ ಒತ್ತಿ ಉಸಿರೆಳೆಯಿತು. ಆಮೇಲೆ ಬೇಗಂ ಬುಡದ ಮಣ್ಣು ತೊಳೆದು ತಂದಳು. ಹುಡುಗಿ ಎಡಗೈಯಲ್ಲಿ ಒಂದೊಂದೇ ಎಳೆ ಹಿಡಿದು ಜಾಲರಿಯೊಳಗೆ ತೂರಿಸಿತು. ಬತಾಶಾ ತುದಿ ಕಚ್ಚಿ ಎಳೆದುಕೊಂಡಿತು. ಕರ ಕರ ಕರ, ಎಳೆ ಒಳಗೆ ಹೋಗುತ್ತ ಹೋಗುತ್ತ ಸಣ್ಣದಾಯಿತು. ಇನ್ನೊಂದು. ಮತ್ತೊಂದು. ಹುಡುಗಿಯ ಬಲಗೈ ಯಾವಾಗ ಬಾಯಿಗೆ ಹೋಯಿತೋ ಏನೋ, ಅದು ಮಾಲಿದಾ ತಿನ್ನುತ್ತಿತ್ತು.

ತನ್ವೀರ ಬಂದು ಚಪ್ಪಲಿ ಬಿಟ್ಟು, ದೀಪ ಹಾಕದೆ ಗೋಡೆಗೆ ಒರಗಿ ಕೂತ. ಮೂವರೂ ಕಾದರು. ಊಟದ ಹೊತ್ತಾಯಿತು. ಸಪ್ಪಳ ಬರಲಿಲ್ಲ. ಹುಲ್ಲು ಅಗಿಯುವ ಕರ ಕರ ಒಂದೇ.

ಆಗ ಬತಾಶಾ ಅಗಿಯುವುದನ್ನು ನಿಲ್ಲಿಸಿತು. ಬಾಯಲ್ಲಿ ಅರ್ಧ ಎಳೆ ಹಾಗೇ ಇತ್ತು. ಎರಡೂ ಕಿವಿ ನೆಟ್ಟಗಾದವು. ಹಿಂಗಾಲ ಮೇಲೆ ಎದ್ದು ನಿಂತು, ಬೇಗಂನ ಭುಜದ ಮೇಲಿಂದ, ಅವಳ ಹಿಂದಿನ ಹೊಸ್ತಿಲನ್ನೇ ನೋಡಿತು. ಹೆದರಿರಲಿಲ್ಲ. ಬಳೆ ಬಡಿದಾಗ ಹೇಗೆ ನಿಲ್ಲುತ್ತಿತ್ತೋ ಹಾಗೆ ನಿಂತಿತ್ತು.

ಅಲ್ಫಿಯಾ ಉಸಿರು ಹಿಡಿದು ದಾದಿಯ ಮುಖ ನೋಡಿತು.

ಬೇಗಂ ಹಿಂದೆ ತಿರುಗಲಿಲ್ಲ. ಕೂತಲ್ಲೇ ಸ್ವಲ್ಪ ಸರಿದು, ಪಂಜರದ ಮುಂದೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಳು.